ಹೋಮ್ ಥಿಯೇಟರ್‌ಗೆ ಕೇಬಲ್ ಕೊಳ್ಳೋರೇ, ಮೊದಲು ಡೆಮೊ ಟಿವಿಯ ಹಿಂದೆ ನೋಡಿ

ಹತ್ತು ಮೀಟರಿನ ಒಂದು ಎಚ್‌ಡಿಎಂಐ ಕೇಬಲ್‌ಗೆ (ಪ್ಲೇಯರ್‌ನಿಂದ ಪರದೆಗೆ ಚಿತ್ರ, ಸದ್ದು ಡಿಜಿಟಲ್ ಆಗಿ ಒಯ್ಯೋದು) 14,500 ರೂಪಾಯಿ ಕೊಟ್ಟೆ. ಕೇಬಲ್ ವಿಷಯ ಗೊತ್ತಿದ್ದೂ ಕೊಟ್ಟೆ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೂ ಬರೀತಿದ್ದೀನಿ, ಯಾಕಂದ್ರೆ ಬೆಂಗಳೂರಿನ ಆ ಶೋರೂಮಿನಲ್ಲಿ ಅದೇ ಡೆಮೊ ಇವತ್ತೂ ನಡೀತಿದೆ. ಅಂಗಡಿ ಹೆಸರು ಬರೆಯಲ್ಲ. ಡೆಮೊ ಹೇಗೆ ಮಾಡ್ತಾರೆ ಅಂತ ಬರೀತೀನಿ, ಎಲ್ಲಿ ಕಂಡರೂ ಗುರುತು ಹಿಡೀಬಹುದು.

ಪಕ್ಕಪಕ್ಕ ಎರಡು ಟಿವಿ. ಒಂದೇ ಕಂಪನಿ, ಒಂದೇ ಮಾಡೆಲ್, 55 ಇಂಚು. ಒಂದೇ ಸೆಟ್‌ಟಾಪ್ ಬಾಕ್ಸಿನಿಂದ ಎರಡಕ್ಕೂ ನ್ಯೂಸ್ ಚಾನೆಲ್. "ಎಡಗಡೇದು ಮಾಮೂಲಿ ಕೇಬಲ್ ಸಾರ್, ಬಲಗಡೇದು ನಮ್ಮ ಗೋಲ್ಡ್ ಪ್ಲೇಟೆಡ್. ನಾನೇನೂ ಹೇಳಲ್ಲ, ನೀವೇ ನೋಡಿ" ಅಂದ ಸೇಲ್ಸ್ ಹುಡುಗ. ಬಲಗಡೆ ಚಿತ್ರ ತೊಳೆದಿಟ್ಟ ಹಾಗೆ. ಎಡಗಡೆ ಮಬ್ಬು. ವಾರ್ತೆ ಓದೋರ ಕೆಂಪು ಸೀರೆಯ ಬಣ್ಣ ಅಂಚು ದಾಟಿ ಹೊರಗೆ ಚೆಲ್ಲಿತ್ತು. ಕೆಳಗೆ ಓಡೋ ಅಕ್ಷರಗಳ ಸುತ್ತ ಸಣ್ಣ ಚುಕ್ಕಿಗಳು ಇರುವೆ ಸಾಲಿನ ಹಾಗೆ ಹರಿದಾಡ್ತಿದ್ವು.

ಆ ಚುಕ್ಕಿ ಕಂಡಾಗಲೇ ನಾನು ನಿಲ್ಲಬೇಕಿತ್ತು. ಹರಿದಾಡೋ ಚುಕ್ಕಿ ಎಚ್‌ಡಿಎಂಐ ಕೇಬಲ್‌ನಿಂದ ಬರೋಕೆ ಸಾಧ್ಯವೇ ಇಲ್ಲ, ಎಷ್ಟೇ ಕಳಪೆ ಕೇಬಲ್ ಆಗಿರಲಿ. ಅದು ಕಾಂಪೊಸಿಟ್‌ನ ರೋಗ, ಅಂದ್ರೆ ಹಳದಿ ಪಿನ್ನಿನ ಹಳೆ ಅನಲಾಗ್ ಕೇಬಲ್‌ದು. ಬೆಳಕು, ಬಣ್ಣ ಎರಡನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸ್ತಾರೆ. ನಮ್ಮ ದೇಶದ ಹಳೆ ಅನಲಾಗ್ ಟಿವಿ ಪದ್ಧತಿ ಪಾಲ್‌ನಲ್ಲಿ ಬಣ್ಣ 4.43 ಮೆಗಾಹರ್ಟ್ಸ್ ಸಿಗ್ನಲ್ ಮೇಲೆ ಕೂತು ಬರುತ್ತೆ. ಟಿವಿಗೆ ಅವೆರಡನ್ನ ಪೂರ್ತಿ ಬಿಡಿಸೋಕೆ ಆಗಲ್ಲ. ಬಿಡಿಸದೆ ಉಳಿದಿದ್ದೇ ಆ ಚುಕ್ಕಿ, ಆ ಚೆಲ್ಲಿದ ಬಣ್ಣ. ಮೇಲಾಗಿ ಅದು 576 ಗೆರೆಯ ಚಿತ್ರ. ಬಲಗಡೆಗೆ ಹೋಗ್ತಿದ್ದದ್ದು 1080 ಗೆರೆಯ ಎಚ್‌ಡಿ.

ಅಂದ್ರೆ ಅವರು ತೋರಿಸಿದ್ದು ಸಾದಾ ಎಚ್‌ಡಿಎಂಐಗೂ ಚಿನ್ನದ ಎಚ್‌ಡಿಎಂಐಗೂ ಇರೋ ವ್ಯತ್ಯಾಸ ಅಲ್ಲ. ಅನಲಾಗ್‌ಗೂ ಡಿಜಿಟಲ್‌ಗೂ ಇರೋ ವ್ಯತ್ಯಾಸ. ಅದನ್ನ 300 ರೂಪಾಯಿ ಎಚ್‌ಡಿಎಂಐ ಕೇಬಲ್ಲೂ ತೋರಿಸ್ತಿತ್ತು. ರಿಮೋಟ್ ಅವರ ಕೈಯಲ್ಲೇ ಇತ್ತು. ಇನ್ಫೋ ಬಟನ್ ಒತ್ತಿದ್ರೆ ಎಡಗಡೆ ಟಿವಿಯ ಮೂಲೆಯಲ್ಲಿ 'ಎವಿ' (ಹಳದಿ ಪಿನ್ನಿನ ಇನ್‌ಪುಟ್) ಅಂತ ಬರ್ತಿತ್ತು, ಅಲ್ಲಿಗೆ ಮುಗೀತಿತ್ತು. ಪ್ರೊಜೆಕ್ಟರ್‌ಗೆ ಹೋಗೋ ಕೇಬಲ್ಲನ್ನ ಒಳಗೆ ಎಳೆದು ಪಿಓಪಿ ಸೀಲಿಂಗ್ ಮುಚ್ಚೋಕೆ ಎರಡೇ ದಿನ ಇತ್ತು, ಅವಸರ. ಒತ್ತಿ ಅಂತ ಕೇಳಲಿಲ್ಲ.

ಇನ್ನೊಂದು. ಡೆಮೊಗೆ ಹಾಕಿದ್ದು ಒಂದೂವರೆ ಮೀಟರ್ ಕೇಬಲ್, ಕೊಟ್ಟಿದ್ದು ಹತ್ತು ಮೀಟರ್. ಎಚ್‌ಡಿ ಚಾನೆಲ್‌ನ 1080ಐ ಚಿತ್ರಕ್ಕೆ ಬೇಕಿರೋದು ಸೆಕೆಂಡಿಗೆ 2.23 ಗಿಗಾಬಿಟ್. ಸೆಕೆಂಡಿಗೆ 24 ಫ್ರೇಮಿನ 4ಕೆ (2160 ಗೆರೆಯ) ಸಿನಿಮಾಕ್ಕೆ 8.91. 60 ಫ್ರೇಮಿನ 4ಕೆಗೆ 17.82. ಕೊನೆಯದು 2013ರಲ್ಲಿ ಬಂದ ಎಚ್‌ಡಿಎಂಐ 2.0ರ 18 ಗಿಗಾಬಿಟ್ ಮಿತಿಗೆ ತಾಗಿಕೊಂಡೇ ಇದೆ. ತಾಮ್ರದ ತಂತಿಯಲ್ಲಿ ಅಷ್ಟು ವೇಗ ಐದು ಮೀಟರ್ ಆಸುಪಾಸು ನಂಬಬಹುದು. ಹತ್ತು ಮೀಟರ್ ಅಂದ್ರೆ ಅದೃಷ್ಟದ ಮಾತು. ನನಗೆ ಆಗಿದ್ದೂ ಅದೇ. ಎಚ್‌ಡಿ ಚಾನೆಲ್ ಚೆನ್ನಾಗಿ ಬಂತು, 4ಕೆ ಸಿನಿಮಾ ಬಂತು. 60 ಫ್ರೇಮ್ 4ಕೆ ಎಚ್‌ಡಿಆರ್ (ಬೆಳಕು-ಕತ್ತಲಿನ ಹರವು ಹೆಚ್ಚಿರೋ ಚಿತ್ರ) ಹಾಕಿದ ತಕ್ಷಣ ಕಪ್ಪು ಭಾಗದಲ್ಲಿ ಬಿಳಿ ಕಿಡಿಗಳು, ಆಮೇಲೆ ಎರಡು ಸೆಕೆಂಡ್ ಪರದೆ ಖಾಲಿ, ಮತ್ತೆ ಚಿತ್ರ, ಮತ್ತೆ ಖಾಲಿ. ಡಿಜಿಟಲ್ ಕೇಬಲ್ ಸೋಲೋದು ಹೀಗೇ. ಬಣ್ಣ ಮಂಕಾಗಲ್ಲ, ಅಂಚು ಮಬ್ಬಾಗಲ್ಲ. ಕಿಡಿ ಬರುತ್ತೆ, ಕಡಿದು ಹೋಗುತ್ತೆ, ಇಲ್ಲಾ ಏನೂ ಬರಲ್ಲ. 'ಈ ಕೇಬಲ್ ಹಾಕಿದ್ರೆ ಬಣ್ಣ ಗಾಢ ಆಗುತ್ತೆ' ಅಂದ್ರೆ ಸುಳ್ಳು. ಪೂರ್ತಿ ಸುಳ್ಳು.

ಅಂಗಡಿಗೆ ಹೋದೆ. ಮೊದಲ ಉತ್ತರ: "ನಿಮ್ಮ ಪ್ರೊಜೆಕ್ಟರ್ ಪ್ರಾಬ್ಲಂ ಇರ್ಬೇಕು ಸಾರ್." ಎರಡು ಮೀಟರ್ ಕೇಬಲ್‌ನಲ್ಲಿ ಅದೇ ಪ್ರೊಜೆಕ್ಟರ್, ಅದೇ ಪ್ಲೇಯರ್ ಸರಿಯಾಗಿ ಓಡುತ್ತೆ ಅಂದೆ. "ಹಂಗಾದ್ರೆ ಕೇಬಲ್ ಸೆಟ್ ಆಗ್ಬೇಕು, ನೂರು ಗಂಟೆ ಓಡಿಸಿ." ತಂತಿ ಓಡಿಸಿದ್ರೆ ಪಳಗಲ್ಲ ಅಂದೆ. "ನೀವು 60 ಯಾಕೆ ಹಾಕ್ತೀರಿ? 30ಕ್ಕೆ ಇಡಿ, ಕಣ್ಣಿಗೆ ಗೊತ್ತೇ ಆಗಲ್ಲ." ಕೊನೆಗೆ ಮ್ಯಾನೇಜರ್ ಬಂದು, "ಪ್ಯಾಕಿಂಗ್ ಬಿಚ್ಚಿದ ಮೇಲೆ ವಾಪಸ್ ತಗೊಳಲ್ಲ ಸಾರ್, ಬಿಲ್ ಹಿಂದೆ ಬರ್ದಿದೆ ನೋಡಿ." ಪ್ಯಾಕಿಂಗ್ ಬಿಚ್ಚದೆ ಕೇಬಲ್ ಕೆಟ್ಟಿದೆ ಅಂತ ಯಾರಿಗಾದ್ರೂ ಗೊತ್ತಾಗೋದು ಹೇಗೆ? ಅದಕ್ಕೆ ಉತ್ತರ ಇಲ್ಲ. ಅವರು ಇನ್ನೊಬ್ಬ ಗಿರಾಕಿ ಕಡೆ ತಿರುಗಿದ್ರು.

ಆ ಗಿರಾಕಿಗೂ ಅದೇ ಎರಡು ಟಿವಿ. ಅವಾಗ ನಾನು ಎಡಗಡೆ ಟಿವಿಯ ಹಿಂದೆ ಬಗ್ಗಿ ನೋಡಿದೆ. ಧೂಳು ಹಿಡಿದ ಮೂರು ಪಿನ್ನಿನ ಕೇಬಲ್. ಕೆಂಪು, ಬಿಳಿ ಸುಮ್ಮನೆ ಜೋತಾಡ್ತಿದ್ವು, ಹಳದಿ ಒಂದೇ ಟಿವಿಗೆ ಸಿಕ್ಕಿಸಿತ್ತು. ಎಚ್‌ಡಿಎಂಐ ಪೋರ್ಟ್ ಮೂರೂ ಖಾಲಿ. ನನಗೆ ಮೈ ಉರಿದು ಹೋಯ್ತು. "ಏನ್ರೀ ಇದು?" ಅಂದೆ. "ಸಾರ್, ಮಾಮೂಲಿ ಕೇಬಲ್ ಅಂತಾನೇ ಅಲ್ವಾ ನಾವು ಹೇಳಿದ್ದು?" ಅಂದ ಆ ಹುಡುಗ. ಹೌದು, ಎಚ್‌ಡಿಎಂಐ ಅಂತ ಹೇಳಿರಲೇ ಇಲ್ಲ. ಮಾಮೂಲಿ ಕೇಬಲ್ ಅಂದಿದ್ದ, ಅಷ್ಟೇ.

ಅನಲಾಗ್ ಕಾಲದಲ್ಲಿ ದುಬಾರಿ ಕೇಬಲ್‌ಗೆ ಅರ್ಥ ಇತ್ತು, ಜನ ಮೋಸ ಹೋಗೋದು ಅದೇ ಅಭ್ಯಾಸದಲ್ಲಿ. ಹಸಿರು, ನೀಲಿ, ಕೆಂಪು ಪಿನ್ನಿನ ಕಾಂಪೊನೆಂಟ್ ಕೇಬಲ್ 75 ಓಮ್ ಕೋಆಕ್ಸ್ (ನಡುವೆ ಒಂದು ತಂತಿ, ಸುತ್ತ ಲೋಹದ ಹೊದಿಕೆ) ಆಗಿರಬೇಕು, ಆ ಹೊದಿಕೆ, ಅಂದ್ರೆ ಶೀಲ್ಡ್, ಗಟ್ಟಿ ಇರಬೇಕು. ಇಲ್ಲದಿದ್ರೆ ಅಂಚಿನ ಪಕ್ಕ ನೆರಳು ಬೀಳುತ್ತೆ, ಅರ್ತಿಂಗ್ ಸರಿ ಇಲ್ಲದ ಕಡೆ ಅಡ್ಡಪಟ್ಟಿ ನಿಧಾನಕ್ಕೆ ಮೇಲೇರುತ್ತೆ. ನೀಲಿ, ಕೆಂಪು ಅದಲು ಬದಲಾದ್ರೆ ಮುಖದ ಬಣ್ಣ ಕೆಡುತ್ತೆ, ಹಸಿರು ಒಂದನ್ನೇ ಹಾಕಿದ್ರೆ ಕಪ್ಪು-ಬಿಳುಪು. ಹಳೆ ಡಿವಿಡಿ ಪ್ಲೇಯರ್ ಇಟ್ಟುಕೊಂಡೋರಿಗೆ ಒಳ್ಳೆ ಕಾಂಪೊನೆಂಟ್ ಕೇಬಲ್ ಈಗಲೂ ಹಳದಿ ಪಿನ್ನಿಗಿಂತ ಎಷ್ಟೋ ಮೇಲು. ಆದ್ರೆ ಬ್ಲೂರೇಗೆ ಅಂತ ಯಾರಾದ್ರೂ ಕಾಂಪೊನೆಂಟ್ ಕೇಬಲ್ ಮಾರಿದ್ರೆ ತಗೋಬೇಡಿ. ಕಾಪಿ ತಡೆಯೋ ನಿಯಮದ ಪ್ರಕಾರ 2010ರ ಕೊನೆಯಿಂದ ಹೊಸ ಪ್ಲೇಯರ್‌ಗಳ ಅನಲಾಗ್ ಚಿತ್ರ ಎಸ್‌ಡಿಗೆ, ಅಂದ್ರೆ ಹಳೆ ಡಿವಿಡಿ ಮಟ್ಟಕ್ಕೆ ಇಳೀತು, 2013ರ ಕೊನೆಗೆ ಅದೂ ನಿಂತುಹೋಯ್ತು.

ಎಚ್‌ಡಿಎಂಐ ತಗೊಳೋವಾಗ '2.1 ಕೇಬಲ್' ಅಂತ ನಂಬರ್ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ, ಕೇಬಲ್‌ಗೆ ಆವೃತ್ತಿ ನಂಬರ್ ಇಲ್ಲ. 18 ಗಿಗಾಬಿಟ್‌ಗೆ 'ಪ್ರೀಮಿಯಂ ಹೈ ಸ್ಪೀಡ್', 48ಕ್ಕೆ 'ಅಲ್ಟ್ರಾ ಹೈ ಸ್ಪೀಡ್' ಅಂತ ಬರೆದ ಲೇಬಲ್ ಡಬ್ಬದ ಮೇಲೆ ಇರಬೇಕು, ಅದನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿ ಪರೀಕ್ಷಿಸಬಹುದು. ನನ್ನ ಡಬ್ಬದ ಮೇಲೆ ಬರೀ 'ಹೈ ಸ್ಪೀಡ್' ಇತ್ತು. ಹತ್ತು ಮೀಟರ್ ಬೇಕಾದ್ರೆ ಫೈಬರ್ ಎಚ್‌ಡಿಎಂಐ (ತಾಮ್ರದ ಬದಲು ಗಾಜಿನ ಎಳೆಯಲ್ಲಿ ಬೆಳಕಾಗಿ ಸಿಗ್ನಲ್ ಒಯ್ಯೋದು) ತಗೊಳ್ಳಿ, ನಾನು ಆಮೇಲೆ 3,800ಕ್ಕೆ ತಂದೆ, 60 ಫ್ರೇಮ್ ಒಂದು ಕಿಡಿಯೂ ಇಲ್ಲದೆ ಬರ್ತಿದೆ. ಅದಕ್ಕೆ ಒಂದು ತುದಿ 'ಸೋರ್ಸ್', ಇನ್ನೊಂದು 'ಡಿಸ್‌ಪ್ಲೇ'. ಉಲ್ಟಾ ಎಳೆದ್ರೆ ಚಿತ್ರವೇ ಬರಲ್ಲ, ಸೀಲಿಂಗ್ ಒಳಗಿನ ಪೈಪಿನಿಂದ ಪೂರ್ತಿ ವಾಪಸ್ ಎಳೀಬೇಕು. 20 ಎಂಎಂ ಪೈಪಿನಲ್ಲಿ ಪ್ಲಗ್ ತೂರಲ್ಲ. 25 ಹಾಕಿಸಿ, ಮೂಲೆಯಲ್ಲಿ ಎಲ್ಬೋ ಬೇಡ, ಉದ್ದನೆ ಬೆಂಡ್ ಇರಲಿ, ಕೇಬಲ್ ಎಳೆಯೋಕೆ ಒಳಗೆ ಜಿಐ (ಕಬ್ಬಿಣದ) ತಂತಿ ಬಿಟ್ಟಿರಿ. ಸೀಲಿಂಗ್ ಮುಚ್ಚೋ ಮೊದಲು ಕೇಬಲ್ಲನ್ನ ನೆಲದ ಮೇಲೆ ಹಾಸಿ, ನಿಮ್ಮದೇ ಪ್ಲೇಯರ್, ನಿಮ್ಮದೇ ಪ್ರೊಜೆಕ್ಟರ್‌ನಲ್ಲಿ 60 ಫ್ರೇಮ್ 4ಕೆ ಎಚ್‌ಡಿಆರ್ ಅರ್ಧ ಗಂಟೆ ಓಡಿಸಿ. ನಾನು ಇದೊಂದು ಮಾಡಿದ್ರೆ ಸೀಲಿಂಗ್ ಒಡೆಸೋದು ತಪ್ಪುತ್ತಿತ್ತು.

ಜಿಎಸ್‌ಟಿ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಬಿಲ್ಲಿನ ಮೇಲೆ '4ಕೆ 60, ಹತ್ತು ಮೀಟರ್' ಅಂತ ಬರೆಸಿ. ದೋಷ ಇರೋ ಸರಕನ್ನ ವಾಪಸ್ ತಗೊಳಲ್ಲ ಅನ್ನೋದು 2019ರ ಗ್ರಾಹಕರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ; ಬಿಲ್ಲಿನಲ್ಲಿ ಬೇರೆ ಅವಧಿ ಹೇಳದಿದ್ರೆ 30 ದಿನದ ಲೆಕ್ಕ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ. ಅಂಗಡಿಯವರ ಉತ್ತರ ಬಂದಿದೆ: "ಗ್ರಾಹಕರು ಡೆಮೊ ನೋಡಿ ಒಪ್ಪಿಯೇ ಕೊಂಡಿದ್ದಾರೆ."

ಹೋದ ವಾರ ಮತ್ತೆ ಹೋಗಿ ನೋಡಿ ಬಂದೆ. ಹಳದಿ ಪಿನ್ ಅಲ್ಲೇ ಇದೆ. ಎಡಗಡೆ ಟಿವಿ.