ಮೂರು ನಿಮಿಷದ ಆಟವನ್ನು ಸುಧಾರಿಸಿಕೊಳ್ಳಲು ಲೀಚೆಸ್: ಟೂರ್ನಿ ಆಟಗಾರರ ದೃಷ್ಟಿಯಿಂದ ಒಂದು ವಿಮರ್ಶೆ

ಆನ್‌ಲೈನ್ ಬ್ಲಿಟ್ಜ್‌ನಲ್ಲಿ, ಅಂದರೆ ಕೆಲವೇ ನಿಮಿಷಗಳ ವೇಗದ ಚೆಸ್‌ನಲ್ಲಿ, 2000 ರೇಟಿಂಗ್ ದಾಟಿದ ಆಟಗಾರರಲ್ಲಿ ಅನೇಕರು ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಕದಲದೆ ನಿಂತುಬಿಡುತ್ತಾರೆ. ಅವರಿಗೆ ಓಪನಿಂಗ್ (ಆರಂಭದ ನಡೆಗಳು) ಗೊತ್ತಿರುತ್ತದೆ, ಎಂಡ್‌ಗೇಮ್ (ಕಾಯಿಗಳು ಕಡಿಮೆಯಾದ ಕೊನೆಯ ಹಂತ) ಪುಸ್ತಕಗಳನ್ನೂ ಓದಿರುತ್ತಾರೆ. ಆದರೆ ದೀರ್ಘ ಆಟದಲ್ಲಿ ತಪ್ಪದೆ ಕಾಣುವ ಹೊಡೆತಗಳು ಮೂರು ನಿಮಿಷದ ಆಟದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಇಂಥವರಿಗೆ ಲೀಚೆಸ್ ಎಂಬ ಉಚಿತ ಚೆಸ್ ತಾಣ ಎಷ್ಟರ ಮಟ್ಟಿಗೆ ನೆರವಾಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ಹೊಸದಾಗಿ ಕಲಿಯುವವರಿಗೆ ಅದು ಎಷ್ಟು ಸೂಕ್ತ ಎಂಬುದನ್ನು ಇಲ್ಲಿ ಎತ್ತಿಕೊಂಡಿಲ್ಲ. ಹಲವು ವರ್ಷ ಈ ತಾಣದಲ್ಲಿ ಆಡಿ, ಟೂರ್ನಿಗಳಿಗೆ ಸಿದ್ಧರಾಗುವ ಗೆಳೆಯರ ಆಟಗಳನ್ನು ಅವರೊಂದಿಗೆ ಕುಳಿತು ಪರಿಶೀಲಿಸಿದ ಮೇಲೆ ನನಗಿರುವ ಅಭಿಪ್ರಾಯ ಇದು: ಆಡಿ ಮುಗಿಸಿದ ಆಟವನ್ನು ಬಿಚ್ಚಿ ನೋಡಲು ಇಲ್ಲಿರುವ ಸಲಕರಣೆಗಳಿಗಾಗಿಯೇ ಬಲಿಷ್ಠ ಆಟಗಾರರು ಲೀಚೆಸ್‌ಗೆ ಬರಬೇಕು. ಆಟವಾಡಲು ಬೇರೆ ಕಡೆಯೂ ಒಳ್ಳೆಯ ಜಾಗಗಳಿವೆ.

ಫ್ರಾನ್ಸ್‌ನ ಪ್ರೋಗ್ರಾಮರ್ ಥಿಬೋ ಡುಪ್ಲೆಸಿ 2010ರಲ್ಲಿ ಆರಂಭಿಸಿದ ಈ ತಾಣವನ್ನು ಇಂದು ಅಲ್ಲಿಯ ಒಂದು ಲಾಭರಹಿತ ಸಂಘ ನಡೆಸುತ್ತಿದೆ. ಜಾಹೀರಾತು ಇಲ್ಲ, ಚಂದಾ ಇಲ್ಲ, ಮೂಲ ಕೋಡ್ ಎಲ್ಲರಿಗೂ ಮುಕ್ತ. ದೇಣಿಗೆ ಕೊಟ್ಟವರ ಹೆಸರಿನ ಪಕ್ಕದಲ್ಲಿ ಒಂದು ರೆಕ್ಕೆಯ ಚಿಹ್ನೆ ಕಾಣಿಸಿಕೊಳ್ಳುತ್ತದೆ, ಅದನ್ನು ಬಿಟ್ಟರೆ ಅವರಿಗೆ ಹೆಚ್ಚಿನ ಸೌಲಭ್ಯವೇನೂ ಸಿಗುವುದಿಲ್ಲ. ಉಚಿತ ಎಂಬ ಕಾರಣಕ್ಕೆ ಇದನ್ನು ಹೇಳುತ್ತಿಲ್ಲ. ಒಂದು ಸಂಜೆಯಲ್ಲಿ ಹತ್ತಾರು ಆಟ ಆಡುವ ಬ್ಲಿಟ್ಜ್ ಆಟಗಾರನಿಗೆ ಪ್ರತಿ ಆಟವನ್ನೂ ಹಿಂಜರಿಕೆಯಿಲ್ಲದೆ ತೆರೆದು ನೋಡುವ ಅವಕಾಶ ಇರಬೇಕು. ನಡೆಗಳ ಬೆಲೆ ಅಳೆಯುವ ಸ್ಟಾಕ್‌ಫಿಶ್ ಎಂಜಿನ್ ಬ್ರೌಸರ್‌ನಲ್ಲಿಯೇ ಓಡುವುದರಿಂದ ಆ ಅವಕಾಶ ಇಲ್ಲಿ ಧಾರಾಳವಾಗಿದೆ.

ಮೊದಲು ಕಾಲಮಿತಿಯ ವಿಚಾರ. ಆರಂಭದ ಸಮಯಕ್ಕೆ ಇನ್‌ಕ್ರಿಮೆಂಟ್‌ನ (ಪ್ರತಿ ನಡೆಗೆ ಸೇರುವ ಹೆಚ್ಚುವರಿ ಸಮಯದ) 40 ಪಟ್ಟನ್ನು ಕೂಡಿಸಿ ಬರುವ ಮೊತ್ತದ ಮೇಲೆ ಲೀಚೆಸ್ ಆಟಗಳನ್ನು ವಿಂಗಡಿಸುತ್ತದೆ. ಆ ಲೆಕ್ಕದಲ್ಲಿ 2+1 (ಎರಡು ನಿಮಿಷ, ನಡೆಗೊಂದು ಸೆಕೆಂಡ್) ಎಂಬುದು 160 ಸೆಕೆಂಡ್ ಆಗಿ ಬ್ಲಿಟ್ಜ್‌ಗಿಂತ ವೇಗದ ಬುಲೆಟ್‌ನ ಪಟ್ಟಿಗೆ ಸೇರುತ್ತದೆ, 3+2 ಎಂಬುದು 260 ಸೆಕೆಂಡ್ ಆಗಿ ಬ್ಲಿಟ್ಜ್ ಎನಿಸಿಕೊಳ್ಳುತ್ತದೆ. 3+0 ಕೂಡ ಬ್ಲಿಟ್ಜ್ ರೇಟಿಂಗ್‌ಗೇ ಸೇರುವುದರಿಂದ ಎರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ, ಆದರೆ ಅಭ್ಯಾಸದ ದೃಷ್ಟಿಯಿಂದ ಅವು ಬೇರೆ ಬೇರೆ ಆಟಗಳು. 3+0ರಲ್ಲಿ ಗೆದ್ದ ಸ್ಥಿತಿಯನ್ನು ಗಡಿಯಾರದ ಕಾರಣಕ್ಕೆ ಕಳೆದುಕೊಂಡರೆ ಕಲಿಯುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. 3+2ರಲ್ಲಿ ಪ್ರತಿ ನಡೆಗೂ ಎರಡು ಸೆಕೆಂಡ್ ಕೈಸೇರುವುದರಿಂದ ಎಂಡ್‌ಗೇಮನ್ನು ನಿಜವಾಗಿಯೂ ಆಡಬೇಕಾಗುತ್ತದೆ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನ ಕಾಲಮಿತಿಯೂ 3+2 ಆಗಿರುವುದರಿಂದ, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ಬ್ಲಿಟ್ಜ್ ರೇಟಿಂಗ್‌ಗಾಗಿ ಬೋರ್ಡಿನ ಮುಂದೆ ಕುಳಿತು ಆಡುವವರು ಇದನ್ನೇ ಮುಖ್ಯ ಅಭ್ಯಾಸವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ನಾನು ಅತ್ಯಂತ ಬೆಲೆಕೊಡುವ ಸೌಲಭ್ಯಕ್ಕೆ ಬರುತ್ತೇನೆ. ಆಟ ಮುಗಿದು ವಿಶ್ಲೇಷಣೆಯ ಪುಟ ತೆರೆದಾಗ ಬೋರ್ಡಿನ ಕೆಳಗೆ ಎಂಜಿನ್‌ನ ನಕ್ಷೆಯ ಪಕ್ಕದಲ್ಲಿಯೇ ಪ್ರತಿ ನಡೆಗೆ ತಗುಲಿದ ಸಮಯದ ನಕ್ಷೆಯೊಂದಿದೆ. ಬಿಳಿಯ ಕಂಬಗಳು ಮೇಲಕ್ಕೆ, ಕಪ್ಪಿನವು ಕೆಳಕ್ಕೆ. ಹೆಚ್ಚಿನವರು ಎಂಜಿನ್ ಎಲ್ಲಿ ಕೆಂಪು ಗುರುತು ಹಾಕಿದೆ ಎಂದು ನೋಡಿ, ಆ ನಡೆಗೆ ಹಳಹಳಿಸಿ ಪುಟ ಮುಚ್ಚುತ್ತಾರೆ. ಸಮಯದ ನಕ್ಷೆಯತ್ತ ಅವರ ಕಣ್ಣು ಹೋಗುವುದಿಲ್ಲ. ನನ್ನೊಂದಿಗೆ ಅಭ್ಯಾಸ ಮಾಡುವ ಗೆಳೆಯರೊಬ್ಬರ ಆಟವನ್ನು ಉದಾಹರಣೆಯಾಗಿ ಹೇಳಬಹುದು. ಅವರದು ಕಪ್ಪು, ಕಾರೋ-ಕಾನ್ ಎಂಬ ಓಪನಿಂಗ್‌ನ ಅಡ್ವಾನ್ಸ್ ವೇರಿಯೇಷನ್: ಇ4 ಸಿ6, ಡಿ4 ಡಿ5, ಇ5 ಸಿ5, ಅಲ್ಲಿ ಬಿಳಿ ಪಾನನ್ನು ಹೊಡೆದು ಸಿ5ಕ್ಕೆ ಬಂದಾಗ ಕಪ್ಪಿನಿಂದ ಇ6. ಅಷ್ಟರವರೆಗೆ ಕಪ್ಪಿನ ಕಂಬಗಳು ಗೆರೆಯಷ್ಟೇ ತೆಳ್ಳಗಿವೆ. ಐದನೇ ನಡೆಯಲ್ಲಿ ಬಿಳಿಯ ಒಂಟೆ ಇ3ಕ್ಕೆ ಬಂದ ಕೂಡಲೇ ಉದ್ದನೆಯ ಒಂದು ಕಂಬ, ಆರನೇ ನಡೆಯಲ್ಲಿ ಅದರಷ್ಟೇ ಉದ್ದನೆಯ ಇನ್ನೊಂದು. ಎಂಜಿನ್ ಅಲ್ಲಿ ಯಾವ ತಪ್ಪನ್ನೂ ಗುರುತಿಸಿರಲಿಲ್ಲ, ಏಕೆಂದರೆ ಆಡಿದ ನಡೆಗಳು ಸರಿಯಾಗಿಯೇ ಇದ್ದವು. ಅದು ಕೆಂಪು ಗುರುತು ಹಾಕಿದ್ದು ಮೂವತ್ತನೇ ನಡೆಯ ಆಚೆ, ಗಡಿಯಾರದಲ್ಲಿ ಹತ್ತು ಸೆಕೆಂಡ್‌ಗಿಂತ ಕಡಿಮೆ ಉಳಿದಿದ್ದಾಗ ಬಿಟ್ಟುಕೊಟ್ಟ ಕುದುರೆಗೆ. ಕುದುರೆ ಹೋದದ್ದು ಕೊನೆಗೆ, ಆಟ ಕೈಜಾರಿದ್ದು ಐದನೇ ನಡೆಯಲ್ಲಿ. ಈ ಸಂಬಂಧವನ್ನು ಎಂಜಿನ್ ಹೇಳಲಾರದು. ಎರಡು ನಕ್ಷೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವ ಆಟಗಾರನಿಗೆ ಅದು ತಾನಾಗಿ ಕಾಣುತ್ತದೆ.

ಬಲಿಷ್ಠ ಆಟಗಾರರ ಬ್ಲಿಟ್ಜ್ ಸೋಲುಗಳಲ್ಲಿ ದೊಡ್ಡ ಪಾಲು ಈ ಬಗೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜ್ಞಾನದ ಕೊರತೆಗಿಂತ ಸಮಯವನ್ನು ಎಲ್ಲಿ ಖರ್ಚು ಮಾಡಬೇಕೆಂಬ ನಿರ್ಧಾರದ ಕೊರತೆ ಅವರನ್ನು ಹಿಂದಕ್ಕೆಳೆಯುತ್ತದೆ. ಹಾಗಾಗಿ ಸೋತ ಆಟಗಳ ಜೊತೆಗೆ ಗೆದ್ದ ಆಟಗಳ ಸಮಯದ ನಕ್ಷೆಯನ್ನೂ ನೋಡಬೇಕು. ಗೆಲುವಿನಲ್ಲಿ ಅಡಗಿದ ಉದ್ದನೆಯ ಕಂಬ ಮುಂದಿನ ವಾರದ ಸೋಲಿಗೆ ಕಾರಣವಾಗುತ್ತದೆ.

ಅದೇ ಕಾರೋ-ಕಾನ್ ಸ್ಥಿತಿಯನ್ನು ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದರೆ ಮುಂದಿನ ಕೆಲಸ ಆರಂಭವಾಗುತ್ತದೆ. ಇಲ್ಲಿ ಮೂರು ಭಂಡಾರಗಳಿವೆ. ಮೊದಲನೆಯದು 1952ರಿಂದ ಈಚೆಗೆ 2200ಕ್ಕಿಂತ ಹೆಚ್ಚಿನ ಫಿಡೆ ರೇಟಿಂಗ್ ಇರುವವರು ಬೋರ್ಡಿನ ಮುಂದೆ ಆಡಿದ ಆಟಗಳದು. ಎರಡನೆಯದು ಲೀಚೆಸ್‌ನಲ್ಲಿಯೇ ನಡೆದ ಆಟಗಳದು. ಮೂರನೆಯದು ಯಾವುದೇ ಒಬ್ಬ ಆಟಗಾರನ ಸ್ವಂತ ಆಟಗಳದು. ಗ್ರ್ಯಾಂಡ್‌ಮಾಸ್ಟರ್‌ಗಳು ಏನು ಆಡುತ್ತಾರೆ ಎಂದು ಮೊದಲ ಭಂಡಾರದಲ್ಲಿ ಹುಡುಕುವುದು ನಮ್ಮ ಅಭ್ಯಾಸ, ಆದರೆ ಬ್ಲಿಟ್ಜ್‌ಗೆ ಎರಡನೆಯದು ಹೆಚ್ಚು ಉಪಯುಕ್ತ. ಅದರಲ್ಲಿ ಬ್ಲಿಟ್ಜ್ ಆಟಗಳನ್ನು ಮಾತ್ರ, ಅದರಲ್ಲಿಯೂ 2200 ಅಥವಾ 2500ರ ಹಂತದ ಆಟಗಾರರನ್ನು ಮಾತ್ರ ಆರಿಸಿಕೊಳ್ಳಬಹುದು. ಮೂರು ನಿಮಿಷದ ಆಟದಲ್ಲಿ ನಮ್ಮೆದುರು ಕೂರುವವರು ಆ ಸ್ಥಿತಿಯಲ್ಲಿ ನಿಜವಾಗಿ ಏನು ಆಡುತ್ತಾರೆ ಎಂಬುದು ಆಗ ಸಿಗುತ್ತದೆ. ಅವರು ಆಡುವ ಮೂರು ನಾಲ್ಕು ನಡೆಗಳಿಗೆ ಒಂದೊಂದು ಉತ್ತರವನ್ನು ಮೊದಲೇ ತೀರ್ಮಾನಿಸಿ ಇಟ್ಟುಕೊಂಡರೆ ಐದನೇ ನಡೆಯ ಕಂಬ ಕುಗ್ಗುತ್ತದೆ. ಉತ್ತರ ಶ್ರೇಷ್ಠವಾದದ್ದೇ ಆಗಬೇಕೆಂದಿಲ್ಲ. ಸಾಕಷ್ಟು ಒಳ್ಳೆಯದಾಗಿದ್ದು, ಮತ್ತೆ ಯೋಚಿಸುವ ಅಗತ್ಯ ಬಾರದಂತಿದ್ದರೆ ಸಾಕು. ಹೀಗೆ ತೀರ್ಮಾನಿಸಿದ್ದನ್ನು ಸ್ಟಡಿ ಎಂಬ ವಿಭಾಗದಲ್ಲಿ ಅಧ್ಯಾಯಗಳಾಗಿ ಬರೆದಿಡಬಹುದು. ಒಂದು ಸ್ಟಡಿಯಲ್ಲಿ 64 ಅಧ್ಯಾಯಗಳಿಗೆ ಜಾಗವಿದೆ.

ಮೂರನೇ ಭಂಡಾರದಲ್ಲಿ ನಮ್ಮದೇ ಹೆಸರು ಹಾಕಿ ನೋಡುವುದಕ್ಕೆ ಸ್ವಲ್ಪ ಗಟ್ಟಿ ಮನಸ್ಸು ಬೇಕು. ಪ್ರೀತಿಯಿಂದ ಆಡುವ ಒಂದು ಸಾಲಿನಲ್ಲಿ ಸೋಲುಗಳೇ ಹೆಚ್ಚಿವೆ ಎಂದು ಅಲ್ಲಿ ಅಂಕಿಗಳ ಸಮೇತ ಗೊತ್ತಾಗುತ್ತದೆ.

ಇದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡುವುದು ಇನ್‌ಸೈಟ್ಸ್ ಎಂಬ ಪುಟ. ಆಡಿದ ಆಟಗಳನ್ನು ಒಟ್ಟಿಗಿಟ್ಟು ಅಲ್ಲಿ ಪ್ರಶ್ನೆ ಕೇಳಬಹುದು: ಬ್ಲಿಟ್ಜ್ ಮತ್ತು ಬುಲೆಟ್‌ನಲ್ಲಿ ಯಾವ ಕಾಯಿಯನ್ನು ಎಷ್ಟು ಬೇಗ ನಡೆಸುತ್ತೇನೆ, ರಾಣಿಗಳು ವಿನಿಮಯವಾದಾಗ ನನ್ನ ಆಟಗಳು ಹೇಗೆ ಮುಗಿಯುತ್ತವೆ, ಎದುರಾಳಿಯ ತಪ್ಪನ್ನು ಆಟದ ಯಾವ ಹಂತದಲ್ಲಿ ಹೆಚ್ಚಾಗಿ ಹಿಡಿಯುತ್ತೇನೆ, ಯಾವ ಹಂತದಲ್ಲಿ ಬಿಟ್ಟುಬಿಡುತ್ತೇನೆ. ಕೊನೆಯ ಪ್ರಶ್ನೆ ಬ್ಲಿಟ್ಜ್ ಆಟಗಾರನಿಗೆ ಬಹಳ ಮುಖ್ಯ, ಏಕೆಂದರೆ ಈ ವೇಗದಲ್ಲಿ ಎರಡೂ ಕಡೆ ತಪ್ಪು ನಡೆಯುವುದು ಸಹಜ, ಅದನ್ನು ತಕ್ಷಣ ಕಂಡವರು ಗೆಲ್ಲುತ್ತಾರೆ. ನಿಖರತೆಗೆ ಸಂಬಂಧಿಸಿದ ಉತ್ತರಗಳು ಎಂಜಿನ್ ವಿಶ್ಲೇಷಣೆ ಆಗಿರುವ ಆಟಗಳಿಂದ ಮಾತ್ರ ಬರುತ್ತವೆ ಎಂಬುದು ನೆನಪಿರಲಿ. ಸೋತ ಆಟಗಳಿಗೆ ಮಾತ್ರ ವಿಶ್ಲೇಷಣೆ ಕೋರುವವರಿಗೆ ಇಲ್ಲಿ ಸಿಗುವ ಚಿತ್ರ ವಕ್ರವಾಗಿರುತ್ತದೆ.

ಪಜಲ್‌ಗಳ ಬಗ್ಗೆ ನನ್ನ ಮೆಚ್ಚುಗೆ ಅಷ್ಟು ಪೂರ್ಣವಲ್ಲ. ಪಜಲ್ ಸ್ಟಾರ್ಮ್ ಮೂರು ನಿಮಿಷದ ಓಟ: ಸತತವಾಗಿ ಐದು ಸರಿ ನಡೆಗೆ ಮೂರು ಸೆಕೆಂಡ್, ಹನ್ನೆರಡಕ್ಕೆ ಐದು ಸೆಕೆಂಡ್ ಹೀಗೆ ಸಮಯ ಕೂಡುತ್ತ ಹೋಗುತ್ತದೆ, ಒಂದು ತಪ್ಪಿಗೆ ಹತ್ತು ಸೆಕೆಂಡ್ ಕಳೆಯುತ್ತದೆ. ಟೂರ್ನಿಯ ದಿನ ಬೆಳಿಗ್ಗೆ ಕಣ್ಣು ಮತ್ತು ಕೈಯನ್ನು ಎಚ್ಚರಿಸಲು ಇದು ಬಹಳ ಒಳ್ಳೆಯದು. ಆದರೆ ಆರಂಭದ ಪಜಲ್‌ಗಳು 2000 ದಾಟಿದವರಿಗೆ ತೀರಾ ಸುಲಭ. ಮೇಲಾಗಿ, ಪಜಲ್ ಎಂದ ಕೂಡಲೇ ಅಲ್ಲೊಂದು ಹೊಡೆತ ಇದೆ ಎಂದು ಗೊತ್ತಿರುತ್ತದೆ. ಆಟದಲ್ಲಿ ಯಾರೂ ಹಾಗೆ ಸೂಚನೆ ಕೊಡುವುದಿಲ್ಲ. ಸಾಮಾನ್ಯ ಪಜಲ್ ವಿಭಾಗದಲ್ಲಿ ಕಷ್ಟದ ಮಟ್ಟವನ್ನು ತಮ್ಮ ರೇಟಿಂಗ್‌ಗಿಂತ 300 ಅಥವಾ 600 ಮೇಲಕ್ಕೆ ಇಟ್ಟುಕೊಂಡು, ನಿಧಾನವಾಗಿ, ಎದುರಾಳಿಯ ಉತ್ತರಗಳನ್ನೂ ಲೆಕ್ಕ ಹಾಕಿ ಬಿಡಿಸುವುದರಿಂದ ಸಿಗುವ ಲಾಭ ದೊಡ್ಡದು. ವೇಗದ ಆಟಕ್ಕೂ ನಿಧಾನದ ಲೆಕ್ಕಾಚಾರವೇ ಬಂಡವಾಳ.

ಎಂಡ್‌ಗೇಮ್ ಅಭ್ಯಾಸಕ್ಕೆ ಇಲ್ಲಿರುವ ವ್ಯವಸ್ಥೆ ಕಡಿಮೆ ಜನಕ್ಕೆ ಗೊತ್ತು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಆನೆಯ ಎಂಡ್‌ಗೇಮ್‌ನಲ್ಲಿ ಡ್ರಾ ಉಳಿಸಿಕೊಳ್ಳುವ ಫಿಲಿಡೋರ್ ಸ್ಥಿತಿ ತಿಳಿಯದ ಟೂರ್ನಿ ಆಟಗಾರರಿಲ್ಲ: ಬಿಳಿಯ ಪಾನ್ ಇ5ರಲ್ಲಿ, ಬಿಳಿ ರಾಜ ಡಿ5ರಲ್ಲಿ, ಕಪ್ಪು ರಾಜ ಇ8ರಲ್ಲಿ, ಕಪ್ಪು ಆನೆ ಆರನೇ ಸಾಲನ್ನು ಕಾಯುತ್ತಿರುವಷ್ಟು ಕಾಲ ಬಿಳಿ ರಾಜ ಮುಂದಕ್ಕೆ ಕಾಲಿಡಲಾರ, ಪಾನ್ ಇ6ಕ್ಕೆ ಬಂದ ಕೂಡಲೇ ಆನೆ ಮೊದಲ ಸಾಲಿಗೆ ಇಳಿದು ಹಿಂದಿನಿಂದ ಚೆಕ್ ಕೊಡುತ್ತ ಹೋಗಬೇಕು, ಏಕೆಂದರೆ ಆಗ ಬಿಳಿ ರಾಜನಿಗೆ ಮರೆಯೇ ಇರುವುದಿಲ್ಲ. ಇದು ಬಾಯಿಪಾಠವಾಗಿರುವವರೂ ಎಂಟು ಸೆಕೆಂಡ್ ಉಳಿದಾಗ ಆನೆಯನ್ನು ಒಂದು ನಡೆ ಮೊದಲೇ ಇಳಿಸಿ ಕೆಡಿಸಿಕೊಳ್ಳುತ್ತಾರೆ. ಬೋರ್ಡ್ ಎಡಿಟರ್‌ನಲ್ಲಿ ಈ ಸ್ಥಿತಿಯನ್ನು ಜೋಡಿಸಿ, ಅಲ್ಲಿಂದಲೇ ಗಡಿಯಾರ ಇಟ್ಟುಕೊಂಡು ಕಂಪ್ಯೂಟರ್ ಎದುರು ಅಥವಾ ಗೆಳೆಯರ ಎದುರು ಆಡಬಹುದು. ನಂತರ ವಿಶ್ಲೇಷಣೆಯಲ್ಲಿ, ಬೋರ್ಡಿನ ಮೇಲೆ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿಗಳಿರುವ ಯಾವುದೇ ಸ್ಥಿತಿಗೆ ಟೇಬಲ್‌ಬೇಸ್ (ಮೊದಲೇ ಪೂರ್ತಿ ಲೆಕ್ಕ ಹಾಕಿಟ್ಟ ಸ್ಥಿತಿಗಳ ಭಂಡಾರ) ಸಂದೇಹಕ್ಕೆಡೆಯಿಲ್ಲದ ತೀರ್ಪು ಕೊಡುತ್ತದೆ: ಗೆಲುವು, ಸೋಲು ಅಥವಾ ಡ್ರಾ. ಎಂಜಿನ್‌ನ ಅಂದಾಜನ್ನು ನಂಬಬೇಕಾದ ಪ್ರಮೇಯವೇ ಇಲ್ಲ. ಆನೆಯ ಎಂಡ್‌ಗೇಮ್‌ನಲ್ಲಿ ಪಾನನ್ನು ರಾಣಿಯಾಗಿಸುವ ಲುಸೇನಾ ಸ್ಥಿತಿಯ ಗೆಲುವನ್ನೂ ಇದೇ ರೀತಿ ಕೈಗೆ ಅಭ್ಯಾಸವಾಗುವವರೆಗೆ ಆಡಿ ನೋಡಬೇಕು.

ಆಡುವ ಭಾಗಕ್ಕೆ ಬಂದರೆ, ರೇಟಿಂಗ್‌ಗೆ ಗ್ಲಿಕೊ-2 ಪದ್ಧತಿ ಇದೆ, ಎಲ್ಲರೂ 1500ರಿಂದ ಆರಂಭಿಸುತ್ತಾರೆ. ಈ ಅಂಕಿಯನ್ನು ಫಿಡೆ ರೇಟಿಂಗ್‌ಗೋ ಬೇರೆ ತಾಣದ ಅಂಕಿಗೋ ಹೋಲಿಸುವುದರಲ್ಲಿ ಅರ್ಥವಿಲ್ಲ. ರೇಟಿಂಗ್‌ನ ಏರಿಳಿತ ಮನಸ್ಸನ್ನು ಕಲಕುತ್ತಿದ್ದರೆ ಆಟಗಾರರ ರೇಟಿಂಗ್ ಕಾಣದಂತೆ ಮಾಡುವ ಆಯ್ಕೆ ಇದೆ. ಜೆನ್ ಮೋಡ್‌ನಲ್ಲಿ ಬೋರ್ಡ್ ಮತ್ತು ಗಡಿಯಾರ ಬಿಟ್ಟು ಉಳಿದದ್ದೆಲ್ಲ ಮರೆಯಾಗುತ್ತದೆ. ನಾನು ಇದನ್ನು ಎಲ್ಲರಿಗೂ ಸೂಚಿಸುತ್ತೇನೆ. ಅರೀನಾ ಟೂರ್ನಿಗಳು ಉತ್ಸಾಹದಾಯಕ: ಗೆಲುವಿಗೆ ಎರಡು ಅಂಕ, ಸತತ ಎರಡು ಗೆಲುವಿನ ನಂತರ ಅಂಕ ದುಪ್ಪಟ್ಟು, ಬರ್ಸರ್ಕ್ ಒತ್ತಿ ತಮ್ಮ ಸಮಯವನ್ನು ಅರ್ಧಕ್ಕಿಳಿಸಿಕೊಂಡು ಗೆದ್ದವರಿಗೆ ಇನ್ನೊಂದು ಅಂಕ. ಮ್ಯಾಗ್ನಸ್ ಕಾರ್ಲ್‌ಸನ್ ಕೂಡ ಟೈಟಲ್ (ಮಾಸ್ಟರ್‌ನಂಥ ಬಿರುದು) ಪಡೆದವರಿಗೆ ಮೀಸಲಾದ ಇಲ್ಲಿಯ ಟೈಟಲ್ಡ್ ಅರೀನಾಗಳಲ್ಲಿ ಆಡಿ ಗೆದ್ದಿದ್ದಾರೆ. ಆದರೂ ಸುಧಾರಣೆ ಬಯಸುವವರು ಅರೀನಾವನ್ನು ಹಬ್ಬದಂತೆ ಅಪರೂಪಕ್ಕೆ ಇಟ್ಟುಕೊಳ್ಳಲಿ. ಒಂದು ಆಟ ಮುಗಿದ ತಕ್ಷಣ ಇನ್ನೊಂದು ಬಂದು ನಿಲ್ಲುವುದರಿಂದ ಯೋಚಿಸಲು ಬಿಡುವೇ ಸಿಗುವುದಿಲ್ಲ, ಬರ್ಸರ್ಕ್ ಅಂತೂ ಇನ್‌ಕ್ರಿಮೆಂಟನ್ನೂ ಕಿತ್ತುಕೊಳ್ಳುತ್ತದೆ.

ಕೊರತೆಗಳೂ ಇವೆ. ಲೀಚೆಸ್‌ನಲ್ಲಿ ಒಂದು ಬಾರಿಗೆ ಒಂದೇ ಪ್ರಿಮೂವ್ (ಎದುರಾಳಿಯ ಸರದಿಯಲ್ಲೇ ಮುಂಚಿತವಾಗಿ ಇಡುವ ನಡೆ) ಇಡಲು ಸಾಧ್ಯ. ಇನ್ನೊಂದು ತಾಣವಾದ ಚೆಸ್ ಡಾಟ್ ಕಾಮ್‌ನಲ್ಲಿ ಹಲವು ನಡೆಗಳನ್ನು ಸಾಲಾಗಿ ಇಡಬಹುದು. ಅಲ್ಲಿ ಪ್ರತಿ ಪ್ರಿಮೂವ್‌ಗೆ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದರೆ ಇಲ್ಲಿ ಏನೂ ಕಳೆಯುವುದಿಲ್ಲ. ಎರಡೂ ಕಡೆ ಆಡುವವರು ಕೊನೆಯ ಸೆಕೆಂಡ್‌ಗಳ ತಂತ್ರವನ್ನು ಬೇರೆ ಬೇರೆಯಾಗಿ ರೂಢಿಸಿಕೊಳ್ಳಬೇಕು. ಸರ್ವರ್‌ಗಳು ಫ್ರಾನ್ಸ್‌ನಲ್ಲಿರುವುದರಿಂದ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಆಡುವವರ ನಡೆ ಅಲ್ಲಿಗೆ ತಲುಪಲು ಯುರೋಪಿನವರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಜಾಲದ ವಿಳಂಬವನ್ನು ಗಡಿಯಾರದಲ್ಲಿ ಒಂದು ಮಿತಿಯವರೆಗೆ ಸರಿದೂಗಿಸಲಾಗುತ್ತದೆ; 3+2ರಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ, ಒಂದು ನಿಮಿಷದ ಬುಲೆಟ್‌ನಲ್ಲಿ ಅನುಭವಕ್ಕೆ ಬರುತ್ತದೆ. ಟೈಟಲ್ ಪಡೆದ ಎದುರಾಳಿಗಳು ನಿಯಮಿತವಾಗಿ ಬೇಕೆನ್ನುವ ಮಾಸ್ಟರ್‌ಗಳಿಗೆ ಚೆಸ್ ಡಾಟ್ ಕಾಮ್‌ನ ಟೈಟಲ್ಡ್ ಟ್ಯೂಸ್‌ಡೇಯಂಥ ವಾರದ ಸ್ಪರ್ಧೆಗೆ ಸಾಟಿಯಾದದ್ದು ಇಲ್ಲಿಲ್ಲ. ಎಂಜಿನ್ ತಪ್ಪನ್ನು ತೋರಿಸುತ್ತದೆಯೇ ಹೊರತು ಅದಕ್ಕೆ ಕಾರಣವನ್ನು ಮಾತಿನಲ್ಲಿ ಹೇಳುವುದಿಲ್ಲ; 2000 ದಾಟಿದವರಿಗೆ ಇದು ಕೊರತೆ ಎಂದು ನನಗನ್ನಿಸಿಲ್ಲ, ಆ ಕಾರಣವನ್ನು ತಾವೇ ಹುಡುಕುವುದರಲ್ಲಿಯೇ ಅಭ್ಯಾಸವಿದೆ.

ನನಗೆ ನಿಜವಾಗಿ ಬೇಕೆನಿಸುವ ಒಂದು ಸೌಲಭ್ಯ ಇನ್ನೂ ಬಂದಿಲ್ಲ. ಒಂದೇ ಒಂದು ಸರಿಯಾದ ನಡೆ ಇದ್ದ ಸ್ಥಿತಿಯಲ್ಲಿ ಆಟಗಾರ ಅನಗತ್ಯವಾಗಿ ಹೆಚ್ಚು ಹೊತ್ತು ತೆಗೆದುಕೊಂಡ ಜಾಗಗಳನ್ನು ನೂರಾರು ಆಟಗಳಿಂದ ಹೆಕ್ಕಿ ಒಂದೆಡೆ ತೋರಿಸುವ ಪುಟ ಅದು. ಅದಕ್ಕೆ ಬೇಕಾದ ಮಾಹಿತಿಯೆಲ್ಲ ಇಲ್ಲಿದೆ: ಯಾರು ಬೇಕಾದರೂ ತಮ್ಮ ಆಟಗಳನ್ನು ಪ್ರತಿ ನಡೆಯ ಗಡಿಯಾರದ ಸಮಯ ಮತ್ತು ಎಂಜಿನ್‌ನ ಅಂದಾಜಿನ ಸಮೇತ ಇಳಿಸಿಕೊಳ್ಳಬಹುದು. ಗ್ರ್ಯಾಂಡ್‌ಮಾಸ್ಟರ್ ಅಲಿರೆಜಾ ಫಿರೂಜಾ ಅವರಂಥವರು ಇಲ್ಲಿ ಆಡಿದ ಬುಲೆಟ್ ಆಟಗಳನ್ನೂ ಹಾಗೆಯೇ ಇಳಿಸಿಕೊಂಡು, ಅವರು ಯಾವ ಸ್ಥಿತಿಯಲ್ಲಿ ನಿಂತು ಯೋಚಿಸಿದರು, ಯಾವುದನ್ನು ನೋಡಿದ ತಕ್ಷಣ ಆಡಿದರು ಎಂದು ಪರಿಶೀಲಿಸಬಹುದು. ಪ್ರೋಗ್ರಾಮಿಂಗ್ ಬಲ್ಲ ಗೆಳೆಯರಿರುವ ಚೆಸ್ ಕ್ಲಬ್‌ಗಳು ಈ ಕೆಲಸವನ್ನು ತಾವೇ ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಕೋರಿಕೆ.