ಕಾಳಿ ಅಳಿವೆಯ ಸೂಪರ್‌ಹೀರೋ: ಗದ್ಯವೋ, ಆಡಿಯೋ ನಾಟಕವೋ, ಕಾಮಿಕ್ಸೋ?

ನನ್ನ ಕಥೆಯ ನಾಯಕಿ ಕಾರವಾರದ ಹತ್ತಿರ, ಕಾಳಿ ನದಿ ಸಮುದ್ರ ಸೇರುವಲ್ಲಿರುವ ಸದಾಶಿವಗಡದ ಕಡೆಯ ಮೀನುಗಾರರ ಹುಡುಗಿ. ನೀರಿನೊಳಗಿನ ಸೆಳೆತ ಅವಳ ಕಿವಿಗೆ ಕೇಳಿಸುತ್ತದೆ, ಉಬ್ಬರವನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಬಲ್ಲಳು. ಮಳೆಗಾಲದಲ್ಲಿ ಅದೇ ನದಿಯ ಕದ್ರಾ ಅಣೆಕಟ್ಟೆಯ ಗೇಟು ತೆರೆದಿದ್ದಾರೆ, ಅದೇ ಹೊತ್ತಿಗೆ ಸಮುದ್ರದಲ್ಲಿ ಉಬ್ಬರ. ಮೇಲಿಂದ ಬಂದ ನೀರು ಬೇಗ ಇಳಿಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕಾಳಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಿಲ್ಲ. ಈ ಒಂದೇ ಘಟ್ಟವನ್ನು ಬೇರೆ ಬೇರೆ ಮಾಧ್ಯಮಗಳಲ್ಲಿ ಮಾಡಿ ನೋಡಿದೆ.

ಗದ್ಯದಲ್ಲಿ ಅವಳ ಮನಸ್ಸು ಸಲೀಸಾಗಿ ಬಂತು. ಅಪ್ಪನ ಮೇಲಿನ ಸಿಟ್ಟು, ದಡದಲ್ಲಿ ನಿಂತು ದೊಡ್ಡ ರಂಪಣಿ ಬಲೆ ಎಳೆಯುವಾಗ ಅಂಗೈ ಉರಿಯುವುದು, ಎಲ್ಲವೂ. ಆದರೆ ಪ್ರವಾಹ ಬಂದಾಗ ಓಟ ತಪ್ಪಿತು. ಒಂದೇ ಕ್ಷಣದಲ್ಲಿ ನಡೆಯುವುದನ್ನು ಸಾಲುಗಟ್ಟಿಸಿ ಹೇಳಬೇಕಾಗುತ್ತದೆ.

ಕೇಳುವ ಶಕ್ತಿಯ ಕಥೆಗೆ ಆಡಿಯೋ ನಾಟಕವೇ ಸರಿ ಅನ್ನಿಸುವುದು ಸಹಜ. ಆದರೆ ಅವಳಿಗೆ ಕೇಳುವುದು ಕೇಳುಗರಿಗೂ ಕೇಳಿಬಿಟ್ಟರೆ ಅವಳಲ್ಲಿ ವಿಶೇಷ ಏನು ಉಳಿಯಿತು? ಸೆಳೆತದ ಸದ್ದು, ಮಳೆಯ ಸದ್ದು, ದೋಣಿಯ ಎಂಜಿನ್ ಒಟ್ಟಾದರೆ ಬರೀ ಗದ್ದಲ.

1934ರಲ್ಲಿ ಹುಟ್ಟಿದ ಕೆರೆಮನೆ ಯಕ್ಷಗಾನ ಮೇಳದ ಉತ್ತರ ಕನ್ನಡ ಜಿಲ್ಲೆಯಲ್ಲಿದ್ದು ಯಕ್ಷಗಾನವನ್ನು ಬಿಡಲಾದೀತೇ? ಒಡ್ಡೋಲಗದಂಥ, ಪಾತ್ರವನ್ನು ಕುಣಿತದೊಂದಿಗೆ ವೈಭವದಿಂದ ರಂಗಕ್ಕೆ ತರುವ ಪ್ರವೇಶ ಯಾವ ಸೂಪರ್‌ಹೀರೋಗೂ ಸಿಕ್ಕಿಲ್ಲ ಎಂದೇ ನನ್ನ ನಂಬಿಕೆ. ಆದರೆ ಅಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಪಾತ್ರದ ಸ್ವಭಾವ ಎಲ್ಲರಿಗೂ ತಿಳಿಯುತ್ತದೆ. ನನ್ನ ಹುಡುಗಿಯದು ಮನೆಯವರಿಂದಲೂ ಮುಚ್ಚಿಟ್ಟ ಶಕ್ತಿ. ಅವಳೂ ಎದುರಾಳಿಯೂ ಮಾತಿಗೆ ಮಾತು ಕೊಡುವ ದೃಶ್ಯವನ್ನು ಮಾತ್ರ ವೇಷ, ಕುಣಿತವಿಲ್ಲದೆ ಕೂತು ಮಾತಲ್ಲೇ ನಡೆಸುವ ತಾಳಮದ್ದಲೆಯ ಅರ್ಥದ ಹಾಗೆ ಬರೆದೆ, ಅದು ಗದ್ಯಕ್ಕಿಂತ ಎಷ್ಟೋ ಚುರುಕಾಗಿ ಬಂತು, ಹಾಗೇ ಇಟ್ಟುಕೊಂಡಿದ್ದೇನೆ. ಕಿರುಚಿತ್ರದ ಯೋಚನೆ ಬೇಗ ಬಿಟ್ಟೆ: ಪ್ರವಾಹದ ಗ್ರಾಫಿಕ್ಸ್ ಕೈಗೆಟುಕುವ ಮಾತಲ್ಲ, ನೌಕಾನೆಲೆಯ ಹತ್ತಿರ ಡ್ರೋನ್ ಹಾರಿಸುವಂತೆಯೂ ಇಲ್ಲ.

ಕಾಮಿಕ್ಸ್‌ನಲ್ಲಿ ಗೆಳೆಯ ಬಿಡಿಸಿದ ಒಂದು ಚಿತ್ರದ ಚೌಕಟ್ಟು ನನ್ನ ಗೊಂದಲ ಬಿಡಿಸಿತು. ನಡುವೆ ಅಡ್ಡಕ್ಕೆ ನೀರಿನ ಗೆರೆ. ಮೇಲೆ ಕೋಡಿಬಾಗದ ದಡದಲ್ಲಿ ಛತ್ರಿ ಹಿಡಿದು ಹರಟುವ ಜನ, ಸುಮ್ಮನೆ ತೂಗುವ ದೋಣಿ. ಕೆಳಗೆ ಕದ್ರಾ ಕಡೆಯಿಂದ ಬಂದ ಕೆಂಪು ನೀರೂ ಸಮುದ್ರದ ಹಸಿರು ನೀರೂ ಒಂದನ್ನೊಂದು ದೂಡುತ್ತಿವೆ. ಸೊಂಟದವರೆಗೆ ನೀರಿಗಿಳಿದ ಹುಡುಗಿ ಎರಡರಲ್ಲೂ ಇದ್ದಾಳೆ. ದಡದವರಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತು, ಎರಡೂ ಓದುಗರ ಕಣ್ಣಿಗೆ ಒಟ್ಟಿಗೇ ಬೀಳುತ್ತವೆ. ಸದ್ದನ್ನು ಬರೆಯಲೇ ಇಲ್ಲ, ಓದುವವರೇ ಊಹಿಸಿಕೊಳ್ಳಬೇಕು. ಇದು ಬೇರೆ ಯಾವುದರಲ್ಲೂ ಸಿಗಲಿಲ್ಲ.

ಮೊಬೈಲ್‌ನಲ್ಲಿ ಕೆಳಕ್ಕೆ ಸರಿಸುತ್ತ ಓದುವ ಕಾಮಿಕ್ಸನ್ನೂ ನೋಡಿದೆವು. ಅವಳು ಆಳಕ್ಕೆ ಮುಳುಗುವ ದೃಶ್ಯಕ್ಕೆ ಅದು ಬಲು ಚೆಂದ, ಬೆರಳು ಸರಿದಂತೆ ಬೆಳಕು ಕಮ್ಮಿಯಾಗುತ್ತದೆ. ಆದರೆ ಆ ಅಡ್ಡ ಚೌಕಟ್ಟು ಅಲ್ಲಿ ಬೆರಳಗಲಕ್ಕೆ ಕುಗ್ಗಿ ದಡದ ಜನ ಚುಕ್ಕೆಗಳಾಗುತ್ತಾರೆ. ಹಾಗಾಗಿ ಮುದ್ರಿತ ಪುಸ್ತಕವೇ ಆಗಲಿ ಅಂತ ತೀರ್ಮಾನಿಸಿದ್ದೇವೆ, ಆ ಚೌಕಟ್ಟಿಗೆ ಎದುರುಬದುರಿನ ಎರಡು ಪುಟವೂ ಪೂರ್ತಿ.