ಬೌಲೋ ಟ್ಯಾಂಕೋ, ಬೋರೋ ನಳವೋ: ವಿಜಯಪುರದ ಬಿಸಿಲಿನಲ್ಲಿ ಫೈಟರ್ ಮೀನು

ಮನೆಯಲ್ಲಿ ಎರಡು ಫೈಟರ್ ಮೀನುಗಳಿವೆ, ಎರಡೂ ಗಂಡು. ನೀಲಿ ಬಣ್ಣದ್ದು ಅಣ್ಣನ ಮಗನ ಹುಟ್ಟುಹಬ್ಬಕ್ಕೆ ಗಾಜಿನ ಬೌಲ್ ಸಮೇತ ಬಂತು. ಕೆಂಪಗಿನದು ನಾನು ಆಸೆಪಟ್ಟು ತಂದದ್ದು. ಒಂದೇ ನೀರಿಗೆ ಬಿಟ್ಟರೆ ಕಾದಾಡಿ ಸಾಯುವ ಜಾತಿ ಇದು, ಹಾಗಾಗಿ ಎರಡು ಮನೆ ಮಾಡಲೇಬೇಕಿತ್ತು. ಅದೇ ನೆಪದಲ್ಲಿ ಪಾತ್ರೆ, ನೀರು, ಫಿಲ್ಟರ್, ಊಟ ಎಲ್ಲವನ್ನೂ ಅಕ್ಕಪಕ್ಕ ಇಟ್ಟು ನೋಡಲು ಸಿಕ್ಕಿತು.

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆ ಬಹುಪಾಲು ಚಳಿ ದೇಶದವರದು. ಹೀಟರ್ ಹಾಕಿ, ನೀರು ಬೆಚ್ಚಗಿಡಿ ಅಂತ ಶುರುವಾಗಿ ಅಲ್ಲೇ ಮುಗಿಯುತ್ತದೆ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಬೋರ್ ನೀರು ಕಾಯಿಸಿದ ಪಾತ್ರೆಗೆ ಬೆಳ್ಳಗೆ ಪದರು ಕಟ್ಟುತ್ತದೆ. ನಮ್ಮ ತಲೆನೋವೇ ಬೇರೆ.

ಬೌಲು ಮತ್ತು ಟ್ಯಾಂಕು

ಅಂಗಡಿಯವರು ಬೌಲ್ ಕೊಡುವಾಗ ಹೇಳಿದ್ದು ಇಷ್ಟು: "ಇದಕ್ಕೇನೂ ಬೇಕಾಗಂಗಿಲ್ರಿ ಸರ, ಬಾಟ್ಲ್ಯಾಗ ಇಟ್ರೂ ಬದಕತೈತಿ." ಇದು ಪೂರ್ತಿ ಸುಳ್ಳೂ ಅಲ್ಲ, ಅದೇ ತೊಂದರೆ. ಫೈಟರ್ ಮೀನಿನ ಇನ್ನೊಂದು ಹೆಸರು ಬೆಟ್ಟಾ. ಅದರ ಮೂಲ ಥಾಯ್ಲೆಂಡ್ ಕಡೆಯ ಗದ್ದೆ, ಜೌಗು, ನಿಧಾನವಾಗಿ ಹರಿಯುವ ಹಳ್ಳಗಳು. ಕಿವಿರಿನ ಜೊತೆಗೆ ಅದರ ತಲೆಯೊಳಗೆ ಲ್ಯಾಬಿರಿಂತ್ ಎಂಬ ಇನ್ನೊಂದು ಅಂಗವಿದೆ. ಮೇಲೆ ಬಂದು ಗಾಳಿ ನುಂಗಿ ಅದರಿಂದಲೇ ಉಸಿರಾಡಬಲ್ಲದು. ಹಾಗಾಗಿ ಬೇರೆ ಮೀನು ಒಂದೇ ದಿನಕ್ಕೆ ಸಾಯುವಂಥ ನೀರಿನಲ್ಲೂ ಇದು ಜೀವ ಹಿಡಿದುಕೊಂಡಿರುತ್ತದೆ. ಉಸಿರಾಟಕ್ಕೆ ಗಾಳಿ ಸಿಕ್ಕಿತು ಅಂತ ನೀರಿನಲ್ಲಿರುವ ವಿಷ ಕಡಿಮೆ ಆಗುವುದಿಲ್ಲವಲ್ಲ.

ಬೌಲಿಗೆ ಹಿಡಿಯುವುದು ಮೂರು ಲೀಟರ್ ನೀರು. ಟ್ಯಾಂಕನ್ನು ನಾನು ರೆಡಿಮೇಡ್ ತರಲಿಲ್ಲ, ಗಾಜಿನ ಅಂಗಡಿಯಲ್ಲಿ 5 ಎಂಎಂ ಗಾಜು ಕತ್ತರಿಸಿ ಸಿಲಿಕಾನ್ ಹಾಕಿಸಿದೆ. 18 ಇಂಚು ಉದ್ದ, 10 ಅಗಲ, 10 ಎತ್ತರ. ಗಂಟಲುಮಟ್ಟ ತುಂಬಿದರೆ 29 ಲೀಟರ್, ಮೇಲೆ ಎರಡು ಇಂಚು ಬಿಟ್ಟರೆ 23-24. ರೆಡಿಮೇಡ್ ಸಣ್ಣ ಟ್ಯಾಂಕುಗಳು ನೋಡಲು ಚೆಂದ, ಆದರೆ ಎತ್ತರ ಜಾಸ್ತಿ, ಅಗಲ ಕಡಿಮೆ. ಪದೇ ಪದೇ ಮೇಲೆ ಬರಬೇಕಾದ ಮೀನಿಗೆ ಅಡ್ಡಗಲ ಇರುವುದೇ ಒಳ್ಳೆಯದು. ಸಿಲಿಕಾನ್ ಒಣಗಿ ವಿನೆಗರ್‌ನಂಥ ವಾಸನೆ ಪೂರ್ತಿ ಹೋಗುವವರೆಗೆ ಮಾತ್ರ ಕಾಯಬೇಕು. ಶಿಲೀಂಧ್ರನಾಶಕ ಬೆರೆಸಿದ ಬಾತ್‌ರೂಮ್ ಸಿಲಿಕಾನ್ ಹಾಕದಂತೆ ಅಂಗಡಿಯವರಿಗೆ ಮೊದಲೇ ಹೇಳಿಬಿಡಿ.

ಆ ವಿಷವೆಂದರೆ ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ. ಬೌಲು, ಟ್ಯಾಂಕು ಎರಡರ ನೀರನ್ನೂ ಅಮೋನಿಯಾ ಟೆಸ್ಟ್ ಕಿಟ್ಟಿನಿಂದ ನೋಡುತ್ತಿದ್ದೆ. ಸಣ್ಣ ಗಾಜಿನ ನಳಿಕೆಗೆ ನೀರು, ಅದಕ್ಕೆ ಬಾಟಲಿಯ ಹನಿಗಳು, ಅಲುಗಾಡಿಸಿ ಐದು ನಿಮಿಷ ಬಿಡುವುದು. ಹಳದಿ ಉಳಿದರೆ ಸರಿ, ಹಸಿರಿಗೆ ತಿರುಗಿದರೆ ಅಮೋನಿಯಾ ಇದೆ ಎಂದರ್ಥ. ಬೌಲಿನ ನೀರು ಬದಲಿಸಿದ ಮೂರನೇ ದಿನಕ್ಕೇ ನಳಿಕೆ ಗಿಳಿಹಸಿರು. ಟ್ಯಾಂಕಿನದು, ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆದು ಒಮ್ಮೆ ಕುದುರಿದ ಮೇಲೆ, ವಾರದ ಕೊನೆಗೂ ಹಳದಿ. ನಮ್ಮ ಕಡೆಯ ನೀರಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ನೀರು ಕ್ಷಾರೀಯವಾದಷ್ಟೂ, ಬಿಸಿಯಾದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ನಮ್ಮಲ್ಲಿ ಎರಡೂ ಇವೆ.

ಕೆಲಸದ ಲೆಕ್ಕದಲ್ಲೂ ಬೌಲೇ ದುಬಾರಿ. ಸಣ್ಣದು, ಸುಲಭ ಅಂತ ಎಲ್ಲರೂ ತರುತ್ತಾರೆ. ದಿನ ಬಿಟ್ಟು ದಿನ ಅರ್ಧ ನೀರು ಚೆಲ್ಲಿ ಹೊಸದು ಹಾಕುವುದು, ಹಾಕುವ ನೀರಿನ ಬಿಸಿ ಹೊಂದುತ್ತದೋ ಇಲ್ಲವೋ ನೋಡುವುದು. ಟ್ಯಾಂಕಿಗೆ ವಾರಕ್ಕೊಮ್ಮೆ ಕಾಲು ಭಾಗ ನೀರು, ಒಂದು ಬಕೆಟ್ಟು, ಒಂದು ಪೈಪು. "ಒಂದ್ ಮೀನಿಗೆ ಎಷ್ಟ್ ಸೋಗ ಮಾಡ್ತೀಯೋ" ಅಂತ ಅವ್ವ ಅನ್ನುತ್ತಿದ್ದದ್ದು ಟ್ಯಾಂಕು ನೋಡಿ, ಆದರೆ ನಿಜವಾದ ಸೋಗು ನಡೆದಿದ್ದು ಬೌಲಿನ ಮುಂದೆ. ನೀಲಿಯನ್ನೂ ಈಗ ಅಂಥದ್ದೇ ಇನ್ನೊಂದು ಟ್ಯಾಂಕಿಗೆ ಹಾಕಿದ್ದೇನೆ. ರೆಕ್ಕೆ ಮುದುಡಿಕೊಂಡು ತಳದಲ್ಲಿ ಕೂರುತ್ತಿದ್ದ ಮೀನು ಈಗ ಗಾಜಿನಾಚೆ ಬೆರಳು ಕಂಡರೆ ಮೈ ಅಗಲಿಸಿಕೊಂಡು ಬರುತ್ತದೆ.

ಮುಚ್ಚಳದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು ನೀರಿನಿಂದ ಹೊರಗೆ ಜಿಗಿಯುವ ಮೀನು. ಪೂರ್ತಿ ಗಾಜು ಮುಚ್ಚಿದರೆ ಬೇಸಿಗೆಯಲ್ಲಿ ಒಳಗೆ ಕುದಿಯುತ್ತದೆ. ಕಿಟಕಿಗೆ ಹಾಕುವ ಸೊಳ್ಳೆ ಜಾಳಿಗೆಯನ್ನು ಚೌಕಟ್ಟಿಗೆ ಬಿಗಿದು ಇಟ್ಟರೆ ಎರಡಕ್ಕೂ ಉತ್ತರ.

ಮೂರು ನೀರು

ವಿಜಯಪುರದ ಮನೆಗಳಲ್ಲಿ ಮೂರು ಬಗೆಯ ನೀರಿರುತ್ತದೆ. ಕೃಷ್ಣಾ ನದಿಯಿಂದ ಬರುವ ನಳದ ನೀರು, ಮನೆಯ ಬೋರಿನದು, ಕಾಯಿನ್ ಹಾಕಿ ಕ್ಯಾನಿನಲ್ಲಿ ತುಂಬಿಕೊಂಡು ಬರುವ ಫಿಲ್ಟರ್ ನೀರು. ಮೂರಕ್ಕೂ ಟಿಡಿಎಸ್ ಮೀಟರ್ ಅದ್ದಿ ನೋಡಿದೆ. ಬೋರು 1,200 ಆಸುಪಾಸು, ನಳ 350, ಫಿಲ್ಟರ್ 50. ಟಿಡಿಎಸ್ ಅಂದರೆ ಕರಗಿದ ಲವಣಗಳ ಒಟ್ಟು ಲೆಕ್ಕ, ಅದರಲ್ಲಿ ಗಡಸುತನ ಎಷ್ಟು ಎಂದು ಅದು ಹೇಳುವುದಿಲ್ಲ. ಆದರೂ ಹೋಲಿಸಿ ನೋಡಲು ಸಾಕು.

ಬೋರ್ ನೀರಿಗೆ ಒಂದು ಅನುಕೂಲವಿದೆ, ಕ್ಲೋರಿನ್ ಇಲ್ಲ. ಆದರೆ ಮೀನು ಮುಟ್ಟುವ ಮೊದಲೇ ಅದರಲ್ಲಿ ನೈಟ್ರೇಟ್ ತೋರಿಸಿತು, ಟೆಸ್ಟಿನ ಬಣ್ಣ ಕಿತ್ತಳೆಗೆ ಹೋಯಿತು. ನೀರು ಬದಲಿಸುವುದೇ ಬ್ಯಾಕ್ಟೀರಿಯಾ ಅಮೋನಿಯಾ ತಿಂದ ಮೇಲೆ ಉಳಿಯುವ ನೈಟ್ರೇಟ್ ತೆಗೆಯಲಿಕ್ಕೆ, ಹೊಸ ನೀರಿನಲ್ಲೇ ಅದು ಇದ್ದರೆ ಬದಲಿಸಿ ಏನು ಬಂತು? ಟ್ಯಾಂಕಿನ ಗಾಜಿಗೂ ನೀರಿನ ಅಂಚಿನಲ್ಲಿ ಬಿಳಿ ಗೆರೆ ಕೂತು ಬ್ಲೇಡಿಗೂ ಬರದಂತಾಯಿತು.

ಫಿಲ್ಟರ್ ನೀರು ಶುದ್ಧ ಅಂತ ಬಹಳ ಜನ ಅದನ್ನೇ ಪೂರ್ತಿ ಹಾಕುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಆರ್‌ಒ ಯಂತ್ರ ಕೆಟ್ಟದ್ದರ ಜೊತೆ ಮೀನಿಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಸೋಸಿಬಿಡುತ್ತದೆ. ಕಾರ್ಬೊನೇಟ್ ಇಲ್ಲದ ನೀರಿನಲ್ಲಿ ಹುಳಿ-ಕ್ಷಾರದ ಅಳತೆಯಾದ ಪಿಎಚ್‌ಗೆ ಆಧಾರವೇ ಇರುವುದಿಲ್ಲ, ಮೀನಿನ ಹೊಲಸು ಕೂಡಿದಂತೆ ಥಟ್ಟನೆ ಕುಸಿಯುತ್ತದೆ.

ಗೆದ್ದದ್ದು ನಳದ ನೀರು. ಕ್ಲೋರಿನ್ ಹೋಗಬೇಕಷ್ಟೇ: ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಬೇಕು, ಇಲ್ಲವೇ ಆಂಟಿ ಕ್ಲೋರಿನ್ ಹನಿ ಹಾಕಬೇಕು. ಹನಿಯ ಬಾಟಲಿ ಅಗ್ಗ, ಕೆಲಸ ತಕ್ಷಣ ಆಗುತ್ತದೆ, ನಾನು ಅದನ್ನೇ ಬಳಸುತ್ತೇನೆ. ಆದರೆ ನಳ ದಿನಾ ಬರುವುದಿಲ್ಲವಲ್ಲ! ಬಾರದ ವಾರಕ್ಕೆ ಒಂದು ಪಾಲು ಬೋರು, ಮೂರು ಪಾಲು ಫಿಲ್ಟರ್ ಬೆರೆಸುತ್ತೇನೆ. ಮೀಟರ್ ಅದ್ದಿದರೆ 340ರ ಹತ್ತಿರ, ನಳದ ನೀರಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಮೀನಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಬೆಟ್ಟಾಗೆ ಹೇಳುವ ಪಿಎಚ್ 6.5ರಿಂದ 7.5. ನಮ್ಮದು ಅದಕ್ಕಿಂತ ಚೂರು ಮೇಲೆಯೇ ಇರುತ್ತದೆ. ಅಂಕಿ ಹಿಡಿಯಲು ಪಿಎಚ್ ಇಳಿಸುವ ಬಾಟಲಿ ತಂದು ದಿನಾ ಏರಿಳಿತ ಮಾಡುವುದಕ್ಕಿಂತ, ಒಂದೇ ಮಟ್ಟದಲ್ಲಿ ನಿಂತ ನೀರು ವಾಸಿ.

ಬಾದಾಮಿ ಎಲೆಯನ್ನೂ ನೋಡಿದೆ. ಅಂಗಡಿಯಲ್ಲಿ ಪ್ಯಾಕೆಟ್ಟಿಗೆ ಮಾರುವ ಎಲೆಯೂ ಶಾಲೆಯ ಆವರಣದ ಕಾಡುಬಾದಾಮಿ ಮರದಡಿ ಬೀಳುವ ಎಲೆಯೂ ಒಂದೇ. ತಾನಾಗಿ ಒಣಗಿ ಬಿದ್ದ ಕಂದು ಎಲೆ, ಔಷಧ ಹೊಡೆಯದ ಮರದ್ದು, ತೊಳೆದು ಹಾಕಿದರೆ ನೀರು ಚಹಾದ ಬಣ್ಣಕ್ಕೆ ಬರುತ್ತದೆ. ಗಡಸು ನೀರಿನಲ್ಲಿ ಪಿಎಚ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಮೀನು ಮಾತ್ರ ಅದರ ನೆರಳಿನಲ್ಲಿ ಮಲಗಲು ಕಲಿತು, ಎಲೆಯಡಿ ನೊರೆಯ ಗೂಡು ಕಟ್ಟಿತು.

ಹೀಟರು, ಫ್ಯಾನು

ಬೆಟ್ಟಾಗೆ 24ರಿಂದ 28 ಡಿಗ್ರಿ ಹಿತ. ನಮ್ಮಲ್ಲಿ ಹೀಟರ್ ಬೇಕಾಗುವುದು ಡಿಸೆಂಬರ್, ಜನವರಿಯ ರಾತ್ರಿಗಳಿಗೆ. ಥರ್ಮೋಸ್ಟಾಟ್ ಇಲ್ಲದ ಅಗ್ಗದ್ದು ಮತ್ತು ಇರುವಂಥದ್ದು ಎರಡನ್ನೂ ಬಕೆಟ್ಟಿನಲ್ಲಿ ಹಚ್ಚಿ ನೋಡಿದೆ. ಅಗ್ಗದ್ದು ನಿಲ್ಲದೆ ಕಾಯಿಸುತ್ತಲೇ ಹೋಯಿತು, ಅದನ್ನು ಟ್ಯಾಂಕಿಗೆ ಇಳಿಸಲೇ ಇಲ್ಲ. 25 ವಾಟ್‌ನ, ತಾನೇ ಆರಿ ತಾನೇ ಹತ್ತುವ ಹೀಟರ್ ಈ ಅಳತೆಯ ಟ್ಯಾಂಕಿಗೆ ಸಾಕು.

ದೊಡ್ಡ ಪ್ರಶ್ನೆ ಬೇಸಿಗೆಯದು. ನಮ್ಮದು ಮೇಲಿನ ಮಹಡಿ, ಮೇಲೆ ಕಾದ ಆರ್‌ಸಿಸಿ. ಮೇ ತಿಂಗಳ ಮಧ್ಯಾಹ್ನ ಟ್ಯಾಂಕಿನ ನೀರು 32 ಮುಟ್ಟುತ್ತಿತ್ತು. ಬೌಲಿನಲ್ಲಿ 34 ಕಂಡು, ನಸುಕಿಗೆ 28ಕ್ಕೆ ಇಳಿದದ್ದೂ ಇದೆ. ಒಂದೇ ದಿನದಲ್ಲಿ ಆರು ಡಿಗ್ರಿ ಮೇಲೆ ಕೆಳಗೆ, ಮೀನಿಗೆ ಬಿಸಿಗಿಂತ ಆ ತೂಗಾಟವೇ ಹೆಚ್ಚು ಕಷ್ಟ. ಮಂಜುಗಡ್ಡೆಯ ಪ್ಯಾಕೆಟ್ ತೇಲಿಬಿಡುವ ಉಪಾಯ ಬಹಳ ಜನ ಹೇಳುತ್ತಾರೆ. ಮಾಡಿದೆ. ಅರ್ಧ ಗಂಟೆಗೆ ಮೂರು ಡಿಗ್ರಿ ಇಳಿಯಿತು, ಕರಗಿದ ಮೇಲೆ ಅಷ್ಟೇ ಬೇಗ ಏರಿತು. ಅಂದರೆ ಅದೇ ತೂಗಾಟ.

ಒಳ್ಳೆಯದು ಫ್ಯಾನು. ಕಂಪ್ಯೂಟರಿನೊಳಗಿನ 12 ವೋಲ್ಟ್‌ನ ಸಣ್ಣ ಫ್ಯಾನನ್ನು ಜಾಳಿಗೆಯ ಮೂಲೆಗೆ ಓರೆಯಾಗಿ ಕಟ್ಟಿ, ನೀರಿನ ಮೇಲ್ಮೈಗೆ ಗಾಳಿ ತಾಗುವಂತೆ ಬಿಟ್ಟೆ. ನೀರು ಆವಿಯಾಗುತ್ತ ತಣ್ಣಗಾಗುತ್ತದೆ, ಅರವಿ ಸುತ್ತಿದ ಮಣ್ಣಿನ ಗಡಿಗೆಯ ಹಾಗೆ. ನಮ್ಮ ಬಿಸಿಲು ಒಣ ಬಿಸಿಲಾದ್ದರಿಂದ ಇದು ಚೆನ್ನಾಗಿ ನಡೆಯುತ್ತದೆ, ನೀರು 29ರ ಹತ್ತಿರ ನಿಲ್ಲುತ್ತದೆ. ಮಂಗಳೂರಿನ ಒದ್ದೆ ಗಾಳಿಯಲ್ಲಿ ಇಷ್ಟು ಫಲ ಸಿಗದು. ಒಂದೇ ಎಚ್ಚರ: ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಇಳಿದ ಮಟ್ಟವನ್ನು ಬೋರ್ ನೀರಿನಿಂದ ತುಂಬುತ್ತ ಹೋದರೆ ಟಿಡಿಎಸ್ ವಾರವಾರ ಏರುತ್ತದೆ. ಮಟ್ಟ ತುಂಬಿಸಲು ಬರೀ ಫಿಲ್ಟರ್ ನೀರು. ಅದರ ನಿಜವಾದ ಉಪಯೋಗ ಇಲ್ಲಿದೆ.

ನೀರು ಬದಲಿಸುವುದು ಬೆಳಗ್ಗೆ ಮಾತ್ರ. ಮಧ್ಯಾಹ್ನ ಮಾಳಿಗೆಯ ಸಿಂಟೆಕ್ಸಿನಿಂದ ಇಳಿಯುವ ನೀರಿನಲ್ಲಿ ಜಳಕ ಮಾಡಲಿಕ್ಕೇ ಕೈ ಸುಡುತ್ತದೆ.

ಟ್ಯಾಂಕಿನೊಳಗೆ ಹಾಕುವ ಫಿಲ್ಟರಿನ ವಿಷಯ ಬೇಗ ಮುಗಿಯುತ್ತದೆ. ಮೋಟಾರಿನ ಪವರ್ ಫಿಲ್ಟರ್ ನೀರನ್ನು ರಭಸದಿಂದ ನೂಕುತ್ತದೆ. ಉದ್ದ ರೆಕ್ಕೆಯ ಮೀನು ಅದರೆದುರು ಈಜಿ ಈಜಿ ಸೋತು ಹೋಗುತ್ತದೆ. ಏರ್ ಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರ್ ಸೌಮ್ಯ, ಬೆಲೆಯೂ ಕಡಿಮೆ. ಹೊಸ ಟ್ಯಾಂಕಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಪರಿಚಯದವರ ಹಳೆಯ ಟ್ಯಾಂಕಿನ ಕೊಳೆ ಸ್ಪಂಜಿನ ತುಂಡು ಸಿಕ್ಕರೆ ಆ ಕಾಯುವಿಕೆ ಬಹಳ ಕಡಿಮೆ ಆಗುತ್ತದೆ, ಅವರ ಮೀನುಗಳಿಗೆ ರೋಗವಿಲ್ಲ ಎಂದು ಖಾತ್ರಿ ಇರಬೇಕಷ್ಟೇ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ನಳದ ಕೆಳಗೆ ಹಿಡಿದರೆ ಕ್ಲೋರಿನ್ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಅಂಗಡಿಯವರು ಪುಕ್ಕಟೆ ಕೊಡುವ ನೀಲಿ ಔಷಧದ ಬಾಟಲಿಯೂ ಅದನ್ನೇ ಮಾಡುತ್ತದೆ, ಕಾಯಿಲೆ ಇಲ್ಲದೆ ಟ್ಯಾಂಕಿಗೆ ಸುರಿಯಬೇಡಿ.

ಊಟ

ಬಣ್ಣಬಣ್ಣದ ಸಾದಾ ಮೀನಿನ ಕಾಳು, ಬೆಟ್ಟಾಗೆಂದೇ ಮಾಡಿದ ಸಣ್ಣ ಕಾಳು, ಒಣಗಿಸಿದ ಬ್ಲಡ್‌ವರ್ಮ್ ಎಂಬ ಕೆಂಪು ಹುಳು, ಜೀವಂತ ಸೊಳ್ಳೆ ಮರಿ: ನಾಲ್ಕನ್ನೂ ಹಾಕಿ ನೋಡಿದೆ. ಸಾದಾ ಕಾಳನ್ನು ಎರಡೂ ಮೀನು ಬಾಯಿಗೆ ಹಾಕಿ ಉಗುಳಿದವು. ಬೆಟ್ಟಾ ಮಾಂಸಾಹಾರಿ, ಹಿಟ್ಟೇ ಹೆಚ್ಚಿರುವ ಕಾಳು ಅದಕ್ಕೆ ಒಗ್ಗದು. ಡಬ್ಬಿಯ ಹಿಂದೆ ಮೊದಲ ಹೆಸರು ಮೀನಿನ ಪುಡಿಯೋ ಕ್ರಿಲ್ ಎಂಬ ಸಿಗಡಿಯಂಥ ಜೀವಿಯೋ ಆಗಿದ್ದರೆ ತರಬಹುದು. ಬ್ಲಡ್‌ವರ್ಮ್ ಅಂದರೆ ಪ್ರಾಣ, ಆದರೆ ಅದನ್ನು ರೂಢಿ ಮಾಡಿಸಿದ ಮೇಲೆ ಕೆಂಪಿನದು ಕಾಳಿಗೆ ಮೂತಿ ತಿರುಗಿಸಿತು. ಈಗ ವಾರಕ್ಕೊಮ್ಮೆ, ನೆನೆಸಿ.

ಸೊಳ್ಳೆ ಮರಿಗೆ ಸರಿಸಾಟಿ ಯಾವುದೂ ಇಲ್ಲ. ಕಂಡ ಕೂಡಲೇ ಬಾಣದ ವೇಗದಲ್ಲಿ ಬಂದು ನುಂಗುತ್ತದೆ. ನಳದ ನೀರು ತುಂಬಿಟ್ಟ ಡ್ರಮ್ಮುಗಳಿರುವ ಊರಿನಲ್ಲಿ ಮರಿಗೆ ಬರವೂ ಇಲ್ಲ. ಆದರೆ ಮೀನಿಗೆ ಬೇಕು ಅಂತ ಸಾಕಲಿಕ್ಕೆ ಹೋಗಬೇಡಿ. ಡೆಂಗಿ ಕಾಲದಲ್ಲಿ ಡ್ರಮ್ಮಿನೊಳಗೆ ಟಾರ್ಚ್ ಬಿಟ್ಟು ನೋಡುವ ಆಶಾ ಅಕ್ಕನಿಗೆ "ಇದು ಮೀನಿನ ಊಟರೀ" ಅಂದರೆ ಆಕೆ ನಗುವುದಿಲ್ಲ. ತಾನಾಗಿ ಸಿಕ್ಕಾಗ ಜರಡಿ ಹಿಡಿದು ಹಾಕಿ, ಡ್ರಮ್ಮು ತಿಕ್ಕಿ ತೊಳೆದು ಮುಚ್ಚಿ.

ದಿನಕ್ಕೆ ಎರಡು ಸಲ, ಸಲಕ್ಕೆ ಎರಡು ಮೂರು ಕಾಳು, ವಾರದಲ್ಲಿ ಒಂದು ದಿನ ಉಪವಾಸ. ಹೊಟ್ಟೆ ಉಬ್ಬಿದ್ದು ಕಂಡರೆ ಇನ್ನೊಂದು ದಿನ.

ಊರಿಗೆ ಹೋಗುವಾಗ ಏನು ಮಾಡುವುದು ಎಂಬುದಕ್ಕೂ ಎರಡು ದಾರಿ ನೋಡಿದೆ. ನೀರಿನಲ್ಲಿ ನಿಧಾನ ಕರಗುವ ರಜಾದಿನದ ಊಟದ ಬಿಲ್ಲೆಯನ್ನು ಬಕೆಟ್ಟಿನಲ್ಲಿ ಬಿಟ್ಟರೆ ಎರಡೇ ದಿನಕ್ಕೆ ನೀರು ಹಾಲಾಯಿತು. ಪಕ್ಕದ ಮನೆಯ ಹುಡುಗನಿಗೆ ಒಪ್ಪಿಸಿದಾಗ ಅವನು ಪ್ರೀತಿಯಿಂದ ಹೊತ್ತುಹೊತ್ತಿಗೆ ಚಿಟಿಕೆ ಚಿಟಿಕೆ ಹಾಕಿ ತಳದಲ್ಲಿ ಕಾಳಿನ ಗುಡ್ಡೆಯನ್ನೇ ಮಾಡಿದ್ದ. ಬೆಳೆದ, ಆರೋಗ್ಯವಾಗಿರುವ ಬೆಟ್ಟಾ ಮೂರು ನಾಲ್ಕು ದಿನ ಊಟವಿಲ್ಲದೆ ಆರಾಮಾಗಿ ಇರುತ್ತದೆ. ಈಗ ಹುಡುಗನ ಕೆಲಸ ಫ್ಯಾನು ಹಚ್ಚುವುದು, ಮಟ್ಟ ಇಳಿದರೆ ಫಿಲ್ಟರ್ ನೀರು ಹಾಕುವುದು, ಅಷ್ಟೇ. ಕಾಳಿನ ಡಬ್ಬಿ ನಮ್ಮ ಬ್ಯಾಗಿನಲ್ಲಿ ಊರಿಗೆ ಬರುತ್ತದೆ.